ಲೆನ್ಸಿಗೆ ಗಣಿತ ಕಲಿಸಿದ ಪೆಟ್ಸ್‌ವಾಲ್

ಶಾಲೆಯ ಗುಂಪುಚಿತ್ರ ಕೈಗೆ ಬಂದೊಡನೆ ನಾವು ಮೊದಲು ಹುಡುಕುವುದು ನಮ್ಮ ನಮ್ಮ ಮುಖಗಳನ್ನೇ. ಬಹಳ ಹಿಂದಿನ ಚಿತ್ರಗಳಲ್ಲಿ ಕೆಲವನ್ನು ನೋಡಿದರೆ ನಡುವೆ ಕುಳಿತವರ ಮುಖ ಸ್ಪಷ್ಟವಾಗಿಯೂ ಅಂಚಿನಲ್ಲಿ ನಿಂತವರ ಮುಖ ಮಸುಕಾಗಿಯೂ ಇರುತ್ತದೆ. ಇಂದಿನ ಚಿತ್ರಗಳಲ್ಲಿ ಈ ಭೇದ ಅಷ್ಟಾಗಿ ಕಾಣದು. ಹಳೆಯ ಲೆನ್ಸಿಗೂ ಹೊಸ ಲೆನ್ಸಿಗೂ ಇಷ್ಟು ಅಂತರವೇಕೆ? ಇದನ್ನು ಅರಿಯಲು ಜೋಸೆಫ್ ಪೆಟ್ಸ್‌ವಾಲ್ ಎಂಬ ಗಣಿತಜ್ಞನ ಜೀವನವನ್ನು ತಿಳಿಯಬೇಕು.

ಪೆಟ್ಸ್‌ವಾಲನು 1807ರ ಜನವರಿ 6ರಂದು ಬೆಲಾ ಎಂಬ ಚಿಕ್ಕ ಊರಿನಲ್ಲಿ ಜನಿಸಿದನು. ಆಗ ಹಂಗೇರಿಗೆ ಸೇರಿದ್ದ ಆ ಊರು ಈಗ ಸ್ಲೊವಾಕಿಯ ದೇಶದಲ್ಲಿದೆ. ಊರು ಕದಲದಿದ್ದರೂ ಗಡಿ ಕದಲುವುದುಂಟು ಎಂಬುದು ಗಡಿನಾಡಿನವರಾದ ನಮಗೆ ಹೊಸ ಮಾತೇನಲ್ಲ. ತಂದೆ ಶಾಲಾ ಉಪಾಧ್ಯಾಯರು. ಆದರೂ ಬಾಲಕನು ಗಣಿತದಲ್ಲಿ ಹಿಂದುಳಿದಿದ್ದನಂತೆ. ಇವನನ್ನು ಚಮ್ಮಾರಿಕೆಗೆ ಹಾಕುವುದೆಂದು ಮನೆಯವರು ನಿಶ್ಚಯಿಸಿದ್ದಾಗ, ರಜೆಯಲ್ಲಿ ಓದಿದ ಒಂದು ಗಣಿತ ಪುಸ್ತಕ ಅವನ ಮನಸ್ಸನ್ನು ಸೆಳೆಯಿತೆಂದು ಹೇಳುತ್ತಾರೆ. ಮುಂದೆ ಅವನು ಪೆಸ್ಟ್ ನಗರದಲ್ಲಿ ಕಲಿತು ಇಂಜಿನಿಯರಾಗಿ, 1837ರಲ್ಲಿ ವಿಯೆನ್ನಾ ವಿಶ್ವವಿದ್ಯಾನಿಲಯದಲ್ಲಿ ಗಣಿತದ ಪ್ರಾಧ್ಯಾಪಕನಾದನು.

1839ರಲ್ಲಿ ಪ್ಯಾರಿಸಿನ ಡಾಗೇರನು ತನ್ನ ಛಾಯಾಗ್ರಹಣ ವಿಧಾನವನ್ನು ಲೋಕಕ್ಕೆ ತಿಳಿಸಿದನು. ಅವನ ಕ್ಯಾಮರಾದ ಲೆನ್ಸಿನಲ್ಲಿ ಹಾಯುತ್ತಿದ್ದ ಬೆಳಕು ತೀರ ಕಡಿಮೆ. ಒಂದು ಚಿತ್ರಕ್ಕೆ ಎಷ್ಟೋ ನಿಮಿಷಗಳು ಬೇಕಾಗುತ್ತಿದ್ದವು. ಕಟ್ಟಡವಾದರೆ ಅಲುಗದೆ ನಿಂತೀತು, ಮನುಷ್ಯ ನಿಲ್ಲಬಲ್ಲನೇ? ಎಟಿಂಗ್ಸ್‌ಹೌಸೆನ್ ಎಂಬ ವಿಜ್ಞಾನಿ ಈ ಸುದ್ದಿಯನ್ನು ವಿಯೆನ್ನಾಕ್ಕೆ ತಂದು, ಉತ್ತಮ ಲೆನ್ಸನ್ನು ರೂಪಿಸುವಂತೆ ಪೆಟ್ಸ್‌ವಾಲನನ್ನು ಪ್ರೇರೇಪಿಸಿದನು.

ಅಲ್ಲಿಯವರೆಗೆ ಗಾಜನ್ನು ಉಜ್ಜಿ, ನೋಡಿ, ಮತ್ತೆ ಉಜ್ಜುವುದೇ ವಾಡಿಕೆ. ಪೆಟ್ಸ್‌ವಾಲನಾದರೋ ಕಾಗದದ ಮೇಲೆ ಲೆಕ್ಕ ಹಾಕಿದನು. ಲೆಕ್ಕದಲ್ಲಿ ಪಳಗಿದ ಫಿರಂಗಿ ದಳದ ಸೈನಿಕರನ್ನು ಆರ್ಚ್‌ಡ್ಯೂಕ್ ಲುಡ್ವಿಗನು ಅವನ ನೆರವಿಗೆ ಕೊಟ್ಟನು. 1840ರಲ್ಲಿ ನಾಲ್ಕು ಗಾಜುಗಳ ಲೆನ್ಸು ಸಿದ್ಧವಾಯಿತು. ಹಿಂದಿನದಕ್ಕಿಂತ ಸುಮಾರು 16 ಪಟ್ಟು ಬೆಳಕನ್ನು ಅದು ಒಳಬಿಡುತ್ತಿತ್ತು. ನಿಮಿಷಗಳ ಕೆಲಸ ಸೆಕೆಂಡುಗಳಿಗೆ ಇಳಿಯುತ್ತ ಬಂದು, ಮನುಷ್ಯನ ಮುಖವನ್ನು ಹಿಡಿಯುವುದು ಸುಲಭವಾಯಿತು.

ಆದರೆ ಚಿತ್ರದ ನಡುಭಾಗ ಎಷ್ಟು ನಿಚ್ಚಳವೋ ಅಂಚು ಅಷ್ಟೇ ಮಸುಕು. ಲೆನ್ಸು ಮೂಡಿಸುವ ಬಿಂಬ ಚಪ್ಪಟೆಯಲ್ಲ, ಬಟ್ಟಲಿನಂತೆ ಬಾಗಿದ್ದು. ಮೇಜಿನ ಮೇಲಿಟ್ಟ ಬಟ್ಟಲಿನ ತಳ ಮೇಜಿಗೆ ತಾಗುತ್ತದೆ, ಅಂಚು ತಾಗುವುದಿಲ್ಲ. ಚಪ್ಪಟೆ ತಗಡಿನ ಮೇಲೆ ಬಿಂಬವೂ ಹಾಗೆಯೇ. ಈ ಬಾಗನ್ನು ಅಳೆಯುವ ಸೂತ್ರವನ್ನು 1843ರಲ್ಲಿ ಪ್ರಕಟಿಸಿದವನೂ ಪೆಟ್ಸ್‌ವಾಲನೇ. ಬೆಳಕನ್ನು ಹೆಚ್ಚು ಬಗ್ಗಿಸಿಯೂ ಬಣ್ಣಗಳನ್ನು ಹೆಚ್ಚು ಚದುರಿಸದ ಗಾಜು ಸಿಕ್ಕಿದ್ದರೆ ಈ ಕುಂದನ್ನು ನೀಗಿಸಲು ಹಾದಿಯಾಗುತ್ತಿತ್ತು. ಆದರೆ ಅಂತಹ ಗಾಜು ಆಗ ಇರಲಿಲ್ಲ.

ಲೆನ್ಸನ್ನು ತಯಾರಿಸಿದ ಫಾಯ್ಟ್‌ಲೆಂಡರನು ಒಮ್ಮೆಗೆ 2,000 ಗುಲ್ಡನ್ ಕೊಟ್ಟು, ಅದನ್ನು ಸಾವಿರಗಟ್ಟಲೆ ಮಾರಿದನು. ಇದರಿಂದ ಇಬ್ಬರಿಗೂ ವಿರಸ ಬೆಳೆಯಿತು. 1859ರಲ್ಲಿ ಇನ್ನೊಂದು ಆಘಾತ: ಪೆಟ್ಸ್‌ವಾಲನ ಮನೆಗೆ ಕಳ್ಳರು ನುಗ್ಗಿ, ವರ್ಷಗಟ್ಟಲೆ ಬರೆದಿಟ್ಟಿದ್ದ ದೃಗ್ವಿಜ್ಞಾನದ ಹಸ್ತಪ್ರತಿ ನಾಶವಾಯಿತು. ತನ್ನ ಲೆಕ್ಕಗಳನ್ನು ಅವನು ಪೂರ್ಣವಾಗಿ ಅಚ್ಚು ಹಾಕಿಸಿರಲಿಲ್ಲ. ಅಷ್ಟರಲ್ಲಿ, 1856ರಲ್ಲಿಯೇ, ಜರ್ಮನಿಯ ಸೈಡೆಲನು ಸ್ವತಂತ್ರವಾಗಿ ಲೆನ್ಸಿನ ದೋಷಗಳ ಸಿದ್ಧಾಂತವನ್ನು ಪ್ರಕಟಿಸಿದ್ದನು. ಇಂದಿಗೂ ಆ ದೋಷಗಳಿಗೆ ಸೈಡೆಲನ ಹೆಸರೇ ಇದೆ. ಪೆಟ್ಸ್‌ವಾಲನು ದೃಗ್ವಿಜ್ಞಾನವನ್ನು ಬಿಟ್ಟನು. 1877ರಲ್ಲಿ ನಿವೃತ್ತನಾಗಿ ಏಕಾಂತವಾಗಿ ಬಾಳಿ, 1891ರ ಸೆಪ್ಟೆಂಬರ್ 17ರಂದು ವಿಯೆನ್ನಾದಲ್ಲಿ ತೀರಿಕೊಂಡನು.

ಅದಕ್ಕೆ ಒಂದು ವರ್ಷ ಮುಂಚೆ, 1890ರಲ್ಲಿ, ಜರ್ಮನಿಯ ಯೇನಾ ನಗರದಲ್ಲಿ ಪಾಲ್ ರುಡಾಲ್ಫನು ಅಂಚಿನವರೆಗೂ ಸ್ಪಷ್ಟವಾದ ಲೆನ್ಸನ್ನು ರಚಿಸಿದ್ದನು. ಅದೇ ನಗರದ ಆಟೋ ಷಾಟನು ಕಂಡುಹಿಡಿದ ಹೊಸ ಗಾಜಿನಿಂದ ಇದು ಸಾಧ್ಯವಾಯಿತು. ಹೊಸ ಲೆನ್ಸು ಹಳೆಯದನ್ನು ಮೀರಿಸಿತು, ನಿಜ. ಆದರೆ ಹಳೆಯವನ ಸೂತ್ರ ಬಯಸಿದ ಗಾಜೇ ಅದರಲ್ಲಿತ್ತು!

ಬೆಲಾದಲ್ಲಿ ಅವನು ಹುಟ್ಟಿದ ಮನೆ ಇಂದು ಛಾಯಾಗ್ರಹಣದ ವಸ್ತುಸಂಗ್ರಹಾಲಯವಾಗಿದೆ. ಅವನ ಬಾಳಿನಿಂದ ನಾವು ಎರಡು ಪಾಠಗಳನ್ನು ಕಲಿಯಬಹುದು. ಗಣಿತದಲ್ಲಿ ಒಮ್ಮೆ ಹಿಂದೆ ಬಿದ್ದವನು ಎಂದೆಂದಿಗೂ ಹಿಂದೆಯೇ ಇರಬೇಕಾಗಿಲ್ಲ. ಇನ್ನೊಂದು, ಕಂಡುಕೊಂಡದ್ದನ್ನು ಪೆಟ್ಟಿಗೆಯಲ್ಲಿಡದೆ ಸಕಾಲದಲ್ಲಿ ಬರೆದು ನಾಲ್ವರಿಗೆ ತಿಳಿಸಬೇಕು. ಹಂಚಿದ ವಿದ್ಯೆಯನ್ನು ಕಳ್ಳರು ಒಯ್ಯಲಾರರು.