ಸರ್ ಎಂ. ವಿಶ್ವೇಶ್ವರಯ್ಯ: ಕೂಡಿ ಕಟ್ಟಿದ ಇಂಜಿನಿಯರ್

ಮಕ್ಕಳೇ, ನೀವು ಭತ್ತದ ನಾಟಿ ನೋಡಿದ್ದೀರಾ? ಹೊನ್ನಾಳಿ, ನ್ಯಾಮತಿ ಸೀಮೆಯ ಗೋವಿನಕೋವಿಯಂಥ ಊರಿನಲ್ಲಿ ನಿಮ್ಮ ಮನೆಯಿದ್ದರೆ ಖಂಡಿತ ನೋಡಿರುತ್ತೀರಿ. ಕೆಲವರು ಮಡಿಯಿಂದ ಸಸಿ ಕೀಳುತ್ತಾರೆ. ಕೆಲವರು ಸಸಿಯ ಕಟ್ಟುಗಳನ್ನು ಹೊತ್ತು ತರುತ್ತಾರೆ. ಗದ್ದೆಯನ್ನು ಕೆಸರು ಮಾಡಿ ಮಟ್ಟ ಮಾಡುವವರು ಬೇರೆ, ಸಾಲು ಹಿಡಿದು ನೆಡುವವರು ಬೇರೆ. ಈಗ ಯೋಚಿಸಿ. ಕಾಲುವೆಯ ನೀರು ಬರುವ ದಿನ ಯಾವುದೆಂದು ಯಾರೂ ಯಾರಿಗೂ ತಿಳಿಸದಿದ್ದರೆ ಏನಾಗುತ್ತದೆ? ಸಸಿ ಕಿತ್ತಿರುತ್ತದೆ, ಗದ್ದೆ ಒಣಗಿರುತ್ತದೆ. ಆಳುಗಳು ಬದುವಿನ ಮೇಲೆ ಕುಳಿತಿರುತ್ತಾರೆ. ಎಲ್ಲರೂ ದುಡಿಯುವವರೇ, ಆದರೂ ಕೆಲಸ ಕೆಡುತ್ತದೆ!

ದುಡಿಮೆಯೊಂದೇ ಸಾಲದು, ಒಬ್ಬರ ಕೆಲಸ ಇನ್ನೊಬ್ಬರ ಕೆಲಸಕ್ಕೆ ಕೊಂಡಿಯಂತೆ ಸೇರಿಕೊಳ್ಳಬೇಕು. ಇದನ್ನು ಚೆನ್ನಾಗಿ ಅರಿತಿದ್ದವರು ನಮ್ಮ ನಾಡಿನ ಮಹಾನ್ ಇಂಜಿನಿಯರ್ ಸರ್ ಎಂ. ವಿಶ್ವೇಶ್ವರಯ್ಯನವರು. ಅವರ ಹುಟ್ಟುಹಬ್ಬವಾದ ಸೆಪ್ಟೆಂಬರ್ 15ನ್ನು ದೇಶದಾದ್ಯಂತ ಇಂಜಿನಿಯರುಗಳ ದಿನವನ್ನಾಗಿ ಆಚರಿಸುತ್ತಾರೆ. ಬನ್ನಿ, ಅವರು ಜನರನ್ನು ಕೂಡಿಸಿ ಕೆಲಸ ಮಾಡಿದ ಬಗೆಯನ್ನು ತಿಳಿಯೋಣ.

ಮುದ್ದೇನಹಳ್ಳಿಯ ಹುಡುಗ

ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮಕ್ಕಳಿಗೆ ಮನೆಪಾಠ ಹೇಳಿ ಖರ್ಚು ನಿಭಾಯಿಸಿದರು. ಮೈಸೂರು ಸಂಸ್ಥಾನದ ವಿದ್ಯಾರ್ಥಿವೇತನ ಪಡೆದು ಪುಣೆಯಲ್ಲಿ ಇಂಜಿನಿಯರಿಂಗ್ ಓದಿದರು. 1883ರಲ್ಲಿ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಮರುವರ್ಷವೇ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ್ ಆದರು.

ಕಾಲುವೆಯ ನೀರು ಯಾರಿಗೆ?

ಪುಣೆಯ ಕಡೆ ಕೆಲಸ ಮಾಡುವಾಗ ಅವರ ಮುಂದೆ ಒಂದು ಕಷ್ಟದ ಪ್ರಶ್ನೆ ಬಂತು. ಕಾಲುವೆಯ ಮೇಲ್ಭಾಗದ ರೈತರು ಬೇಕಾದಷ್ಟು ನೀರು ಹಾಯಿಸಿ ಕಬ್ಬು ಬೆಳೆಯುತ್ತಿದ್ದರು. ಕೊನೆಯ ಭಾಗದ ರೈತರಿಗೆ ನೀರೇ ತಲುಪುತ್ತಿರಲಿಲ್ಲ. ಮೇಲ್ಭಾಗದ ಜಮೀನಿಗೂ ಇದರಿಂದ ಒಳ್ಳೆಯದಾಗಲಿಲ್ಲ. ನೀರು ಹೆಚ್ಚಾಗಿ ನಿಂತು ಮಣ್ಣು ಜವುಗಾಗುತ್ತಿತ್ತು, ಸೊಳ್ಳೆಗಳೂ ಹೆಚ್ಚುತ್ತಿದ್ದವು.

ವಿಶ್ವೇಶ್ವರಯ್ಯನವರು ಬ್ಲಾಕ್ ಪದ್ಧತಿ ಎಂಬ ಉಪಾಯ ಹೂಡಿದರು. ಜಮೀನನ್ನು ಬ್ಲಾಕುಗಳಾಗಿ ವಿಂಗಡಿಸುವುದು. ಪ್ರತಿ ಬ್ಲಾಕಿನ ಒಂದು ಭಾಗದಲ್ಲಿ ಕಬ್ಬು, ಇನ್ನೊಂದರಲ್ಲಿ ಭತ್ತ, ಮತ್ತೊಂದರಲ್ಲಿ ಕಡಿಮೆ ನೀರು ಕೇಳುವ ಬೆಳೆ. ಮರುವರ್ಷ ಸರದಿ ಬದಲಾಗುತ್ತದೆ. ಇಷ್ಟೇ ನೀರು ಹೆಚ್ಚು ಹಳ್ಳಿಗಳಿಗೆ ಸಿಗುತ್ತದೆ, ಮಣ್ಣೂ ಉಳಿಯುತ್ತದೆ.

ಲೆಕ್ಕ ಸರಿಯಾಗಿತ್ತು. ಆದರೆ ರೈತರು ಒಪ್ಪಲಿಲ್ಲ! ತಮ್ಮ ನೀರು ಕಸಿದುಕೊಳ್ಳುತ್ತಾರೆಂದು ಹೆದರಿದರು. ಪತ್ರಿಕೆಗಳಲ್ಲೂ ವಿರೋಧ ಬಂತು. ಆಗ ಅವರು ರೈತರನ್ನು ಸೇರಿಸಿ, ಯೋಜನೆಯನ್ನು ವಿವರಿಸಿ, ಅವರ ಅನುಮಾನಗಳಿಗೆ ಉತ್ತರ ಕೊಟ್ಟರು. ನಿಧಾನವಾಗಿ ವಿರೋಧ ಕರಗಿತು. ಕಾಗದದ ಮೇಲೆ ಎಷ್ಟೇ ಒಳ್ಳೆಯ ಯೋಜನೆಯಿದ್ದರೂ, ಅದನ್ನು ನಡೆಸುವ ಜನರಿಗೆ ಅರ್ಥವಾಗದಿದ್ದರೆ ಅದು ನಿಲ್ಲುವುದಿಲ್ಲ ಅಲ್ಲವೇ?

ಕಾವೇರಿಯ ದಡದಲ್ಲಿ ಹತ್ತು ಸಾವಿರ ಜನ

1909ರಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರ್ ಆದರು. 1911ರಲ್ಲಿ ಕನ್ನಂಬಾಡಿಯ ಬಳಿ ಕಾವೇರಿಗೆ ಅಣೆಕಟ್ಟು ಕಟ್ಟುವ ಕೆಲಸ ಆರಂಭವಾಯಿತು. ಅದೇ ಇಂದಿನ ಕೃಷ್ಣರಾಜ ಸಾಗರ. ಖರ್ಚು ಹೆಚ್ಚೆಂದು ಸಂಸ್ಥಾನದ ಹಣಕಾಸಿನ ಅಧಿಕಾರಿಗಳು ಹಿಂಜರಿದಿದ್ದರು. ವಿಶ್ವೇಶ್ವರಯ್ಯನವರು ಅಂಕಿ ಅಂಶಗಳನ್ನು ಮುಂದಿಟ್ಟರು. ನೀರು ನಿಂತರೆ ಬೆಳೆ ಬರುತ್ತದೆ. ಜೊತೆಗೆ, ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕೊಡುತ್ತಿದ್ದ ಶಿವನಸಮುದ್ರಕ್ಕೆ ಬೇಸಿಗೆಯಲ್ಲೂ ನೀರು ಸಿಗುತ್ತದೆ. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಒಪ್ಪಿಗೆ ಕೊಟ್ಟರು.

ಅಲ್ಲಿ ಸುಮಾರು 10,000 ಜನ ದುಡಿದರು. ನಮ್ಮ ದೇಶದಲ್ಲಿ ಆಗ ಸಿಮೆಂಟು ಸುಲಭವಾಗಿ ಸಿಗುತ್ತಿರಲಿಲ್ಲ. ಹಾಗಾಗಿ ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿ ಗಾರೆಯನ್ನು ಬಳಸಿದರು. ಇದು ನೀರಿನ ಸಂಪರ್ಕದಲ್ಲೂ ಗಟ್ಟಿಯಾಗುವ ಗಾರೆ.

ಈ ಕೆಲಸದ ಸರಪಳಿಯನ್ನು ಗಮನಿಸಿ. ಕಲ್ಲು ಒಡೆಯುವವರು ತಡಮಾಡಿದರೆ ಗಾಡಿಗಳು ಖಾಲಿ. ಸುಣ್ಣ ಅರೆಯುವವರು ನಿಂತರೆ ಗಾರೆಯಿಲ್ಲ. ಗಾರೆಯಿಲ್ಲದಿದ್ದರೆ ಗೋಡೆ ಕಟ್ಟುವವರು ಸುಮ್ಮನೆ ಕೂರಬೇಕು. ಮಳೆಗಾಲದಲ್ಲಿ ನದಿ ಉಕ್ಕಿ ಬರುತ್ತದೆ. ನದಿಯ ಪಾತ್ರದ ಕೆಲಸ ಬೇಸಿಗೆಯಲ್ಲೇ ನಡೆಯಬೇಕು. ಒಂದು ತಂಡದ ತಡ ಇಡೀ ವರ್ಷದ ತಡವಾಗಬಹುದು! ಅದಕ್ಕಾಗಿಯೇ ಯಾವ ಕೆಲಸ ಯಾವಾಗ ಮುಗಿಯಬೇಕು ಎಂಬುದನ್ನು ಮೊದಲೇ ಗೊತ್ತು ಮಾಡುವುದು ಅವರ ಕ್ರಮವಾಗಿತ್ತು.

ಅಣೆಕಟ್ಟಿನ ಉದ್ದ ಸುಮಾರು 2.6 ಕಿಲೋಮೀಟರ್. ಅದು ಪೂರ್ತಿ ಮುಗಿಯಲು ಸುಮಾರು 20 ವರ್ಷ ಬೇಕಾಯಿತು. ಅಷ್ಟರಲ್ಲಿ ವಿಶ್ವೇಶ್ವರಯ್ಯನವರು ಸಂಸ್ಥಾನದ ಸೇವೆಯನ್ನೇ ಬಿಟ್ಟಿದ್ದರು. ಆದರೂ ಕೆಲಸ ನಿಲ್ಲಲಿಲ್ಲ. ನಂತರದ ಇಂಜಿನಿಯರುಗಳು, ಕೆಲಸಗಾರರು ಅದನ್ನು ಮುಗಿಸಿದರು. ಇದರ ಜೊತೆ ಇನ್ನೊಂದು ವಿಷಯ ಮರೆಯಬಾರದು. ಕನ್ನಂಬಾಡಿಯೂ ಸೇರಿ ಹಲವು ಹಳ್ಳಿಗಳು ನೀರಿನಲ್ಲಿ ಮುಳುಗಿದವು. ಅಲ್ಲಿನ ಜನ ಹುಟ್ಟಿದೂರು ಬಿಟ್ಟು ಬೇರೆಡೆ ನೆಲೆಸಿದರು. ಈ ಅಣೆಕಟ್ಟಿನಲ್ಲಿ ಅವರ ಪಾಲೂ ಇದೆ.

ಎಲ್ಲರ ಮಾತು ಕೇಳಲು ಒಂದು ಸಭೆ

1912ರಿಂದ 1918ರವರೆಗೆ ಅವರು ಮೈಸೂರಿನ ದಿವಾನರಾಗಿದ್ದರು. ಅದಕ್ಕೂ ಮೊದಲೇ, 1911ರಲ್ಲಿ, ಅವರ ಸಲಹೆಯಂತೆ ಮೈಸೂರು ಆರ್ಥಿಕ ಸಮ್ಮೇಳನ ಶುರುವಾಗಿತ್ತು. ಬೇಸಾಯ, ಶಿಕ್ಷಣ, ಕೈಗಾರಿಕೆ ಮತ್ತು ವಾಣಿಜ್ಯದ ಬಗ್ಗೆ ಅಧಿಕಾರಿಗಳೂ ಊರಿನ ಅನುಭವಿಗಳೂ ಒಟ್ಟಿಗೆ ಕುಳಿತು ಚರ್ಚಿಸುತ್ತಿದ್ದರು. ಇದಕ್ಕೆ ಜಿಲ್ಲೆ, ತಾಲ್ಲೂಕು ಮಟ್ಟದಲ್ಲೂ ಸಮಿತಿಗಳಿದ್ದವು. ಹಳ್ಳಿಯ ಕಷ್ಟ ರಾಜಧಾನಿಗೆ ತಲುಪಲು, ರಾಜಧಾನಿಯ ಯೋಜನೆ ಹಳ್ಳಿಗೆ ತಿಳಿಯಲು ಇದೊಂದು ದಾರಿಯಾಯಿತು. ಅವರ ದಿವಾನಗಿರಿಯಲ್ಲೇ 1913ರಲ್ಲಿ ಮೈಸೂರು ಬ್ಯಾಂಕ್, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದವು.

ಭದ್ರಾವತಿಯ ಕುಲುಮೆ

ಈಗ ನಿಮ್ಮ ಸೀಮೆಗೆ ಹತ್ತಿರ ಬರೋಣ. ಹೊನ್ನಾಳಿಯ ಪಕ್ಕ ಹರಿಯುವ ತುಂಗಭದ್ರೆ ಎಲ್ಲಿಂದ ಬರುತ್ತಾಳೆ? ಕೂಡಲಿಯಲ್ಲಿ ತುಂಗೆ ಮತ್ತು ಭದ್ರೆ ಸೇರಿ ತುಂಗಭದ್ರೆಯಾಗುತ್ತಾರೆ. ಅದಕ್ಕೂ ಮೇಲೆ ಭದ್ರೆಯ ದಡದಲ್ಲಿದೆ ಭದ್ರಾವತಿ. ಅಲ್ಲಿನ ಕಬ್ಬಿಣದ ಕಾರ್ಖಾನೆ 1923ರ ಜನವರಿಯಲ್ಲಿ ಉತ್ಪಾದನೆ ಶುರುಮಾಡಿತು.

ಕಬ್ಬಿಣ ಹೇಗೆ ತಯಾರಾಗುತ್ತದೆ ಗೊತ್ತೇ? ಊದು ಕುಲುಮೆಗೆ ಅದಿರು, ಇದ್ದಿಲು, ಸುಣ್ಣಕಲ್ಲುಗಳನ್ನು ಮೇಲಿನಿಂದ ಸುರಿಯುತ್ತಾರೆ. ಕೆಳಗಿನಿಂದ ಬಿಸಿ ಗಾಳಿ ಊದುತ್ತಾರೆ. ಇದ್ದಿಲಿನಲ್ಲಿರುವ ಇಂಗಾಲವು ಉರಿದು ಶಾಖ ಕೊಡುತ್ತದೆ, ಅದಿರಿನಲ್ಲಿರುವ ಆಮ್ಲಜನಕವನ್ನೂ ಎಳೆದುಕೊಳ್ಳುತ್ತದೆ. ಸುಣ್ಣಕಲ್ಲು ಕಶ್ಮಲದೊಡನೆ ಸೇರಿ ಕಿಟ್ಟವಾಗುತ್ತದೆ. ಕರಗಿದ ಕಬ್ಬಿಣ ತಳದಲ್ಲಿ ಶೇಖರವಾಗುತ್ತದೆ. ಭದ್ರಾವತಿಗೆ ಅದಿರು ಬರುತ್ತಿದ್ದುದು ಕೆಮ್ಮಣ್ಣುಗುಂಡಿಯ ಬೆಟ್ಟದಿಂದ. ಇದ್ದಿಲು ಮಲೆನಾಡಿನ ಕಾಡಿನ ಮರದಿಂದ. ಮರವನ್ನು ಗಾಳಿಯಾಡದಂತೆ ಕಾಯಿಸಿ ಇದ್ದಿಲು ಮಾಡುವಾಗ ಮರಸಾರ ಮತ್ತು ಟಾರು ಕೂಡ ಸಿಗುತ್ತಿದ್ದವು.

ಊದು ಕುಲುಮೆ ಹಗಲೂ ರಾತ್ರಿಯೂ ಉರಿಯುತ್ತಿರಬೇಕು. ಅದು ತಣ್ಣಗಾದರೆ ಒಳಗಿನ ಕಬ್ಬಿಣ ಹೆಪ್ಪುಗಟ್ಟಿ ಭಾರಿ ನಷ್ಟವಾಗುತ್ತದೆ. ಆದ್ದರಿಂದ ಮರ ಕಡಿಯುವವರು, ಸಾಗಿಸುವವರು, ಇದ್ದಿಲು ಮಾಡುವವರು, ಕುಲುಮೆಯ ಬಳಿ ನಿಲ್ಲುವವರು ಎಲ್ಲರೂ ಒಬ್ಬರಿಗೊಬ್ಬರು ಹೊಂದಿಕೊಂಡು ಕೆಲಸ ಮಾಡಲೇಬೇಕು.

ಆದರೆ ಕಾರ್ಖಾನೆ ಶುರುವಾದ ಹೊತ್ತಿಗೆ ಕಬ್ಬಿಣದ ಬೆಲೆ ಬಿದ್ದಿತ್ತು. ಖರ್ಚು ಹೆಚ್ಚಿತ್ತು. ಕೆಲಸ ಎಲ್ಲರಿಗೂ ಹೊಸದು. ಕಾರ್ಖಾನೆ ನಷ್ಟದಲ್ಲಿ ಮುಳುಗಿತು. ಅದನ್ನು ಮುಚ್ಚಿದರೆ ಜನರ ಅನ್ನವೂ ಹೋಗುತ್ತಿತ್ತು, ಸಂಸ್ಥಾನದ ಹಣವೂ ಹೋಗುತ್ತಿತ್ತು.

1923ರಲ್ಲಿ ವಿಶ್ವೇಶ್ವರಯ್ಯನವರು ಕಾರ್ಖಾನೆಯ ಆಡಳಿತ ಮಂಡಲಿಯ ಅಧ್ಯಕ್ಷರಾದರು. ಆಗ ಅವರಿಗೆ 60 ದಾಟಿತ್ತು. ಖರ್ಚಿನ ಪ್ರತಿಯೊಂದು ಬಾಬನ್ನೂ ಪರಿಶೀಲಿಸಿದರು. ವಿದೇಶಿ ತಜ್ಞರನ್ನೇ ನಂಬಿ ಕೂರದೆ, ನಮ್ಮವರಿಗೇ ಕೆಲಸ ಕಲಿಸಿ ಜವಾಬ್ದಾರಿ ಕೊಟ್ಟರು. ಒಂದೇ ದಿನದಲ್ಲಿ ಪವಾಡವೇನೂ ನಡೆಯಲಿಲ್ಲ. ಆದರೆ 1929ರಲ್ಲಿ ಅವರು ಆ ಜವಾಬ್ದಾರಿ ಬಿಡುವ ಹೊತ್ತಿಗೆ ಕಾರ್ಖಾನೆ ಚೇತರಿಸಿಕೊಂಡು ತನ್ನ ಕಾಲ ಮೇಲೆ ನಿಲ್ಲುತ್ತಿತ್ತು.

ಈ ದುಡಿಮೆಗಾಗಿ ತಮಗೆ ಸಲ್ಲಬೇಕಿದ್ದ ಒಂದು ಲಕ್ಷಕ್ಕೂ ಹೆಚ್ಚಿನ ಹಣವನ್ನು ಅವರು ಮನೆಗೆ ಒಯ್ಯಲಿಲ್ಲ. ಯುವಕರಿಗೆ ಕಸುಬು ಕಲಿಸುವ ಸಂಸ್ಥೆಗೆ ಅದನ್ನು ಕೊಡಿಸಿದರು. ಬೆಂಗಳೂರಿನಲ್ಲಿ 1943ರಲ್ಲಿ ಆರಂಭವಾದ ಆ ಸಂಸ್ಥೆಗೆ ತಮ್ಮ ಹೆಸರನ್ನೂ ಇಡಿಸಿಕೊಳ್ಳಲಿಲ್ಲ. ಅದಕ್ಕೆ ಜಯಚಾಮರಾಜೇಂದ್ರರ ಹೆಸರಿಟ್ಟರು.

1955ರಲ್ಲಿ ಅವರಿಗೆ ಭಾರತರತ್ನ ಪ್ರಶಸ್ತಿ ದೊರೆಯಿತು. ನೂರು ವರ್ಷ ದಾಟಿ ಬದುಕಿದ ಅವರು 1962ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಅಣೆಕಟ್ಟೆಂದರೆ ನಾವು ಒಬ್ಬರ ಹೆಸರನ್ನು ಮಾತ್ರ ನೆನೆಯುತ್ತೇವೆ. ಆದರೆ ಅದರ ಒಂದೊಂದು ಕಲ್ಲನ್ನೂ ಯಾರೋ ಒಡೆದರು, ಯಾರೋ ಹೊತ್ತರು, ಯಾರೋ ಕೂರಿಸಿದರು. ಅವರೆಲ್ಲರ ಕೆಲಸವನ್ನು ಒಂದು ದಾರದಲ್ಲಿ ಪೋಣಿಸಿದ್ದು ವಿಶ್ವೇಶ್ವರಯ್ಯನವರ ಹಿರಿಮೆ. ನಿಮ್ಮ ಶಾಲೆಯ ಕೈತೋಟವಿರಲಿ, ವಿಜ್ಞಾನ ಮೇಳವಿರಲಿ, ಮೊದಲು ಕುಳಿತು ಮಾತಾಡಿ, ಕೆಲಸ ಹಂಚಿಕೊಳ್ಳಿ, ಆಮೇಲೆ ಕೈ ಹಾಕಿ.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಹಳೆಯ ದಿನಪತ್ರಿಕೆ, ಪುಸ್ತಕಗಳು, ಒಂದೇ ಅಳತೆಯ ಸಣ್ಣ ಕಲ್ಲುಗಳು.

1. ಐದೈದು ಜನರ ಎರಡು ತಂಡ ಮಾಡಿ. ಪ್ರತಿ ತಂಡಕ್ಕೂ ಪತ್ರಿಕೆಯ ಎರಡು ಹಾಳೆ ಕೊಡಿ.
2. 20 ಸೆಂಟಿಮೀಟರ್ ಅಂತರದಲ್ಲಿ ಎರಡು ಕಡೆ ಪುಸ್ತಕ ಜೋಡಿಸಿ. ಹಾಳೆಯನ್ನು ಮಡಿಸಿ ಅವುಗಳ ಮೇಲೆ ಸೇತುವೆ ಮಾಡಬೇಕು. ಸಮಯ 10 ನಿಮಿಷ.
3. ಒಂದು ತಂಡದವರು ತಮ್ಮತಮ್ಮಲ್ಲಿ ಮಾತಾಡಬಹುದು. ಇನ್ನೊಂದು ತಂಡದವರು ಮಾತಾಡಬಾರದು, ಸನ್ನೆಯನ್ನೂ ಮಾಡಬಾರದು.
4. ಸೇತುವೆಯ ಮೇಲೆ ಒಂದೊಂದೇ ಕಲ್ಲು ಇಡಿ. ಕುಸಿಯುವ ಮೊದಲು ಎಷ್ಟು ಕಲ್ಲು ತಡೆಯಿತು, ಬರೆದುಕೊಳ್ಳಿ.
5. ಈಗ ನಿಯಮ ಅದಲುಬದಲು ಮಾಡಿ, ಹೊಸ ಹಾಳೆಗಳಿಂದ ಮತ್ತೆ ಮಾಡಿ.

ಮಾತಾಡಿದಾಗ, ಮಾತಾಡದಿದ್ದಾಗ ಫಲಿತಾಂಶದಲ್ಲಿ ವ್ಯತ್ಯಾಸ ಬಂತೇ? ನಿಯಮವನ್ನು ಅದಲುಬದಲು ಮಾಡಿದ್ದು ಏಕೆ? ನಿಮ್ಮ ಶಿಕ್ಷಕರೊಂದಿಗೆ ಚರ್ಚಿಸಿ.