ಬೇರೆಯವರ ಡಿಸ್ಕ್ ಮತ್ತು ಅಲನ್ ಶುಗಾರ್ಟ್

ಬೈಕುಲ್ಲಾದಿಂದ ಲೋಕಲ್ ಹತ್ತಿ ನೈಟ್ ಶಿಫ್ಟಿಗೆ ಹೋಗುವ ನನ್ನ ಕೆಲಸವನ್ನು ಊರಿನಲ್ಲಿ ಅಪ್ಪನಿಗೆ ಹೀಗೆ ಹೇಳುತ್ತೇನೆ: ಬ್ಯಾಂಕಿನ ಮೇನ್‌ಫ್ರೇಮ್ ಕಂಪ್ಯೂಟರ್ ಒಂದು ಕಂಪನಿಯದು, ಲೆಕ್ಕ ಉಳಿಸುವ ಡಿಸ್ಕ್ ಇನ್ನೊಂದು ಕಂಪನಿಯದು, ಎರಡಕ್ಕೂ ಹೊಂದಿಕೆ ಮಾಡಿಸುವುದು ನಾನು. ಇಂಥ ಸಂಬಂಧ ಸುಲಭವಾಗಿ ಕುದುರಿದ್ದಲ್ಲ. ಅದರ ಹಿಂದೆ ಅಲನ್ ಶುಗಾರ್ಟ್ ಅವರ ಬದುಕೂ ಇದೆ.

ಶುಗಾರ್ಟ್ ಹುಟ್ಟಿದ್ದು 1930ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. 1951ರಲ್ಲಿ ಪದವಿ ಮುಗಿಸಿ ಐಬಿಎಂ ಸೇರಿದರು. ಮೊದಲ ಕೆಲಸ ಗ್ರಾಹಕರ ಬಳಿಗೆ ಹೋಗಿ ಯಂತ್ರ ರಿಪೇರಿ ಮಾಡುವುದು. ಮುಂದೆ ಸ್ಯಾನ್ ಹೋಸೆಯ ಪ್ರಯೋಗಾಲಯದಲ್ಲಿ ರಾಮ್ಯಾಕ್ ತಂಡದಲ್ಲಿ ದುಡಿದರು. 1956ರಲ್ಲಿ ಬಂದ ಆ ಯಂತ್ರದಲ್ಲಿ 50 ತಟ್ಟೆಗಳಿದ್ದವು. ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ ಮಾತ್ರ.

1964ರ ಸಿಸ್ಟಮ್/360ಯಲ್ಲಿ ಕಂಪ್ಯೂಟರ್ ಮತ್ತು ಡಿಸ್ಕ್ ನಡುವೆ ಚಾನೆಲ್, ಕಂಟ್ರೋಲ್ ಯೂನಿಟ್ ಎಂಬ ಎರಡು ಮೆಟ್ಟಿಲುಗಳಿದ್ದವು. ಐಬಿಎಂ ಡಿಸ್ಕಿನಂತೆಯೇ ಉತ್ತರಿಸುವ ಡಿಸ್ಕ್ ಹಚ್ಚಿದರೆ ಯಂತ್ರಕ್ಕೆ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಮೆಮೊರೆಕ್ಸ್ ಅಂಥ ಡಿಸ್ಕನ್ನು ಕಡಿಮೆ ಬೆಲೆಗೆ ಮಾರುತ್ತಿತ್ತು. 1969ರಲ್ಲಿ ಶುಗಾರ್ಟ್ ಅಲ್ಲಿಗೆ ಹೋದರು. ಅನೇಕ ಎಂಜಿನಿಯರುಗಳು ಅವರ ಬೆನ್ನಿಗೆ ನಡೆದರು. ಐಬಿಎಂ ಬೆಲೆ ಇಳಿಸಿತು, ಡಿಸ್ಕ್ ನಿಯಂತ್ರಣವನ್ನು ಕೆಲವು ಕಂಪ್ಯೂಟರ್‌ಗಳ ಒಳಗೇ ಸೇರಿಸಿತು. ಮೆಮೊರೆಕ್ಸ್ ಕೋರ್ಟಿಗೆ ಹೋಗಿ ಸೋತಿತು.

ಒಬ್ಬರನ್ನೇ ನೆಚ್ಚಿಕೊಂಡರೆ ಏನಾಗುತ್ತದೆಂದು ನಮ್ಮ ದೇಶವೂ ಕಂಡಿದೆ. 1978ರಲ್ಲಿ ಐಬಿಎಂ ಭಾರತ ಬಿಟ್ಟಾಗ ಅದರ ಯಂತ್ರಗಳ ನಿರ್ವಹಣೆಯನ್ನು ಸರ್ಕಾರಿ ಸಿಎಂಸಿ ಹೊರಬೇಕಾಯಿತು.

ಶುಗಾರ್ಟ್ 1973ರಲ್ಲಿ ತಮ್ಮ ಹೆಸರಿನಲ್ಲೇ ಕಂಪನಿ ಕಟ್ಟಿದರು. ಮರುವರ್ಷವೇ ಅದರಿಂದ ಹೊರಬಿದ್ದರು. ಮೀನುಗಾರಿಕೆಯ ದೋಣಿಯಲ್ಲಿ ಕೆಲಕಾಲ ಕಡಲಿಗಿಳಿದರು. 1979ರಲ್ಲಿ ಸ್ನೇಹಿತ ಫಿನಿಸ್ ಕಾನರ್ ಜೊತೆ ಶುರು ಮಾಡಿದ್ದೇ ಇಂದಿನ ಸೀಗೇಟ್. ಮೇಜಿನ ಮೇಲಿನ ಕಂಪ್ಯೂಟರಿಗೆ ಹೊಂದುವ 5 ಮೆಗಾಬೈಟ್ ಡಿಸ್ಕನ್ನು ಅದು 1980ರಲ್ಲಿ ತಂದಿತು. 1998ರಲ್ಲಿ ಅಲ್ಲಿಂದಲೂ ಅವರನ್ನು ಕಳಿಸಿದರು. 2006ರ ಡಿಸೆಂಬರ್ 12ರಂದು ತೀರಿಕೊಂಡರು.

ಅವರು ಬಿಟ್ಟುಬಂದ ಆ ಮೊದಲ ಕಂಪನಿ ಮುಂದೆ ಯಾರ ಡಿಸ್ಕನ್ನಾದರೂ ಸಣ್ಣ ಕಂಪ್ಯೂಟರಿಗೆ ಜೋಡಿಸುವ ಸಾಸಿ ಎಂಬ ವಿಧಾನ ರೂಪಿಸಿತು. ಆ ಹೆಸರಿನ ಮೊದಲ ಅಕ್ಷರವೇ ಶುಗಾರ್ಟ್. 1986ರಲ್ಲಿ ಅದು ಸ್ಕಸಿ ಎಂಬ ಪ್ರಮಾಣಿತ ವಿಧಾನವಾಯಿತು. ಸ್ಥಾಪಕನನ್ನು ಕಳೆದುಕೊಂಡ ಕಂಪನಿ ಅವರ ಹೆಸರನ್ನು ಉಳಿಸಿದ್ದು ಹೀಗೆ.

ಮೇನ್‌ಫ್ರೇಮಿನಲ್ಲಿ ಹಳೆಯ ಪದ್ಧತಿಯೇ ನಡೆದಿದೆ. ಬೇರೆ ಕಂಪನಿಯ ಹೊಸ ಡಿಸ್ಕ್ ಕೂಡ ಇಂದಿಗೂ ತಾನು ಐಬಿಎಂ 3390 ಎಂದೇ ಪರಿಚಯ ಹೇಳಿಕೊಳ್ಳುತ್ತದೆ. ಆ ಮಾದರಿ ಬಂದದ್ದು 1989ರಲ್ಲಿ. ರಾತ್ರಿ ಪರದೆಯಲ್ಲಿ ಆ ಸಂಖ್ಯೆ ಕಂಡಾಗ ಮನಸ್ಸು ಹಗುರಾಗುತ್ತದೆ. ಬ್ಯಾಂಕಿಗೆ ಇನ್ನೊಂದು ಅಂಗಡಿಗೆ ಹೋಗಿ ಬೆಲೆ ಕೇಳುವ ಸ್ವಾತಂತ್ರ್ಯ ಉಳಿದಿದೆ. ಬೆಳಗ್ಗೆ ಬೈಕುಲ್ಲಾಕ್ಕೆ ಮರಳಿ ನಾನೂ ನೆಮ್ಮದಿಯಾಗಿ ಮಲಗುತ್ತೇನೆ.