ರೆನ್ ಮಹಾಶಯರು: ವ್ಯಾಕರಣ ಗ್ರಂಥದ ಹಿಂದಿನ ಉಪಾಧ್ಯಾಯ

ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿತವರಿಗೆ ರೆನ್ ಮತ್ತು ಮಾರ್ಟಿನ್ ಎಂಬ ಜೋಡಿ ಹೆಸರು ಅಪರಿಚಿತವಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ಶಾಲೆಗಳ ಉಪಾಧ್ಯಾಯರ ಮೇಜಿನ ಮೇಲೆಯೂ ಆ ದಪ್ಪ ಗ್ರಂಥ ಸ್ಥಾನ ಪಡೆದಿದೆ. ಅಣ್ಣ ಓದಿದ ಪ್ರತಿಯನ್ನು ತಮ್ಮ ಓದಿ, ತಮ್ಮನಿಂದ ನೆರೆಮನೆಯ ಹುಡುಗನ ಕೈಸೇರಿ, ರಟ್ಟು ಕಳಚಿದರೂ ಉಪಯೋಗ ತಪ್ಪದ ಪುಸ್ತಕವದು. ಆದರೆ ಆ ಹೆಸರು ಇಬ್ಬರು ಮನುಷ್ಯರದೆಂಬುದೇ ಬಹುಮಂದಿಗೆ ಮರೆತುಹೋಗಿದೆ. ಅವರಲ್ಲಿ ಮೊದಲಿಗರಾದ ರೆನ್ ಮಹಾಶಯರ ಜೀವನವನ್ನು ಅರಿತರೆ, ಅವರ ಪುಸ್ತಕವನ್ನು ತರಗತಿಯಲ್ಲಿ ಹೇಗೆ ಬಳಸಬೇಕೆಂಬುದರ ಮೇಲೂ ಬೆಳಕು ಬೀಳುತ್ತದೆ.

ಪರ್ಸಿವಲ್ ಕ್ರಿಸ್ಟೋಫರ್ ರೆನ್ ಅವರು 1875ನೆಯ ಇಸವಿ ನವೆಂಬರ್ 1ರಂದು ಲಂಡನ್ ನಗರದ ಡೆಟ್‌ಫರ್ಡ್ ಎಂಬ ಭಾಗದಲ್ಲಿ ಜನಿಸಿದರು. ತಂದೆ ಶಾಲಾ ಉಪಾಧ್ಯಾಯರು. ಸಿರಿವಂತಿಕೆಯ ಮನೆತನವಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ದೊಡ್ಡ ಕಾಲೇಜುಗಳ ವೆಚ್ಚವನ್ನು ಭರಿಸಲಾರದ ವಿದ್ಯಾರ್ಥಿಗಳಿಗೆ ಆಶ್ರಯವಾಗಿದ್ದ ಸೇಂಟ್ ಕ್ಯಾಥರೀನ್ ಸಂಸ್ಥೆಯ ಮೂಲಕ ಅವರು ಓದಿ, ಇತಿಹಾಸವನ್ನು ವಿಷಯವಾಗಿ ಆರಿಸಿಕೊಂಡು ಪದವಿ ಪಡೆದರು. ಪದವಿಯಲ್ಲಿ ದೊರೆತದ್ದು ಮೂರನೆಯ ದರ್ಜೆ. ಮುಂದೆ ಕೋಟ್ಯಂತರ ವಿದ್ಯಾರ್ಥಿಗಳ ಪಾಲಿಗೆ ಇಂಗ್ಲಿಷಿನ ಪ್ರಮಾಣಪುರುಷರೆನಿಸಿದವರು ಪರೀಕ್ಷೆಯ ದೃಷ್ಟಿಯಿಂದ ಅಗ್ರಗಣ್ಯರಾಗಿರಲಿಲ್ಲವೆಂಬುದು, ಕಡಿಮೆ ಅಂಕ ಪಡೆದು ಕುಗ್ಗಿ ಕುಳಿತ ಮಕ್ಕಳಿಗೆ ಧೈರ್ಯ ತರುವ ಸಂಗತಿಯಾಗಿದೆ.

ತಂದೆಯ ವೃತ್ತಿಯನ್ನೇ ಹಿಡಿದ ಅವರು 1903ರಲ್ಲಿ ಭಾರತೀಯ ಶಿಕ್ಷಣ ಸೇವೆಗೆ ಸೇರಿ ಕರಾಚಿಯ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಸಿಂಧ್ ಪ್ರಾಂತ ಆಗ ಮುಂಬಯಿ ಇಲಾಖೆಯ ಭಾಗವಾಗಿತ್ತು. ನಮ್ಮ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳೂ ಅದೇ ಇಲಾಖೆಗೆ ಸೇರಿದ್ದವು. ಮುಂದೆ ರೆನ್ ಅವರು ಆ ಇಲಾಖೆಯ ಸಹಾಯಕ ಶಿಕ್ಷಣ ನಿರ್ದೇಶಕರ ಪದವಿಗೇರಿದರು. ಅತ್ತ ಗದಗು ಮುಂಬಯಿ ಇಲಾಖೆಯಲ್ಲಿದ್ದರೆ, ಇತ್ತ ಕೊಪ್ಪಳವು ನಿಜಾಮರ ಸಂಸ್ಥಾನದಲ್ಲಿ ಸಾಲಾರ್‌ಜಂಗ್ ಮನೆತನದ ಜಹಗೀರಾಗಿತ್ತು. ಒಂದೇ ಕನ್ನಡವನ್ನಾಡುವ ಎರಡು ನೆರೆಯೂರುಗಳ ಮಕ್ಕಳು ಎರಡು ಬೇರೆ ಸರಕಾರಗಳ ಕೆಳಗೆ ಎರಡು ಬೇರೆ ಬಗೆಯ ಶಿಕ್ಷಣ ಪಡೆಯುತ್ತಿದ್ದ ಕಾಲವದು.

ಕರಾಚಿಯ ಶಾಲೆಯಲ್ಲಿ ರೆನ್ ಅವರ ಮುಂದೆ ಕುಳಿತವರು ಇಂಗ್ಲಿಷನ್ನು ಮನೆಯಲ್ಲಿ ಕೇಳದ ಮಕ್ಕಳು. ಅಂದಿನ ಶಾಲೆಗಳಲ್ಲಿ ರೂಢಿಯಲ್ಲಿದ್ದುದು ಭಾಷಾಂತರದ ಪದ್ಧತಿ. ಉಪಾಧ್ಯಾಯರು ಇಂಗ್ಲಿಷ್ ವಾಕ್ಯವನ್ನೋದಿ ದೇಶಭಾಷೆಯಲ್ಲಿ ಅರ್ಥ ಹೇಳುವರು. ಮಕ್ಕಳು ನಿಯಮವನ್ನೂ ಅರ್ಥವನ್ನೂ ಉರುಹೊಡೆಯುವರು. ವರ್ಷಗಟ್ಟಲೆ ಕಲಿತರೂ ಸ್ವಂತವಾಗಿ ಒಂದು ವಾಕ್ಯವನ್ನಾಡುವ ಶಕ್ತಿ ಬಾರದು. ಈ ಕೊರತೆಯನ್ನು ನೀಗಿಸಲು ಆ ಕಾಲದಲ್ಲಿ ಯುರೋಪಿನಿಂದ ಬಂದ ಹೊಸ ವಿಚಾರವೇ ಪ್ರತ್ಯಕ್ಷ ಪದ್ಧತಿ. ರೆನ್ ಅವರು 1911ರಲ್ಲಿ ಭಾರತದ ಶಾಲೆಗಳಲ್ಲಿ ಇಂಗ್ಲಿಷನ್ನು ಪ್ರತ್ಯಕ್ಷ ಪದ್ಧತಿಯಿಂದ ಕಲಿಸುವ ಬಗೆಯನ್ನು ಕುರಿತು ಒಂದು ಪುಸ್ತಕವನ್ನು ಪ್ರಕಟಿಸಿದರು. ಅದೇ ವರ್ಷ ಶಾಲೆಯ ವ್ಯವಸ್ಥೆ, ಶಿಸ್ತು, ಸಲಕರಣೆಗಳನ್ನು ಕುರಿತು ಮುಖ್ಯೋಪಾಧ್ಯಾಯರಿಗೆ ಮಾರ್ಗದರ್ಶಿಯಾಗುವ ಇನ್ನೊಂದು ಗ್ರಂಥವೂ ಹೊರಬಂದಿತು.

ಪ್ರತ್ಯಕ್ಷ ಪದ್ಧತಿಯ ತಿರುಳು ಸರಳವಾದುದು. ಮಗು ತಾಯ್ನುಡಿಯನ್ನು ಕಲಿಯುವುದು ವ್ಯಾಕರಣದಿಂದಲ್ಲ; ಕೇಳಿ, ಆಡಿ, ತಪ್ಪಿ, ತಿದ್ದಿಕೊಂಡು. ಪರಭಾಷೆಗೂ ಸಾಧ್ಯವಾದಷ್ಟು ಅದೇ ಹಾದಿಯನ್ನು ಹಿಡಿಯಬೇಕು. ಉಪಾಧ್ಯಾಯನು ಬಾಗಿಲನ್ನು ತೆರೆಯುತ್ತ ತೆರೆಯುವ ಕ್ರಿಯೆಯನ್ನು ಇಂಗ್ಲಿಷಿನಲ್ಲಿ ಹೇಳಬೇಕು. ಮಗುವಿನ ಕೈಯಿಂದಲೂ ಮಾಡಿಸಬೇಕು, ಬಾಯಿಂದಲೂ ಆಡಿಸಬೇಕು. ಹೀಗೆ ಹತ್ತಾರು ವಾಕ್ಯಗಳು ನಾಲಗೆಗೆ ಹತ್ತಿದ ಮೇಲೆ ಅವುಗಳಲ್ಲಿ ಅಡಗಿರುವ ನಿಯಮವನ್ನು ಮಗುವೇ ಕಂಡುಕೊಳ್ಳುವಂತೆ ಮಾಡಬೇಕು. ಅಂದರೆ ಬಳಕೆ ಮೊದಲು, ನಿಯಮ ಆಮೇಲೆ.

ಅಧಿಕಾರದಲ್ಲಿ ಏರುತ್ತಿದ್ದ ಈ ಉಪಾಧ್ಯಾಯರ ಗೃಹಜೀವನವನ್ನು ದುಃಖವು ಬಿಡಲಿಲ್ಲ. 1910ರಲ್ಲಿ ಎಳೆಯ ವಯಸ್ಸಿನ ಮಗಳು ತೀರಿಕೊಂಡಳು. 1914ರಲ್ಲಿ ಪತ್ನಿಯೂ ಅಗಲಿದರು. ಅದೇ ವರ್ಷ ಮೊದಲನೆಯ ಮಹಾಯುದ್ಧ ಆರಂಭವಾಗಲು ರೆನ್ ಅವರು ಭಾರತೀಯ ಸೇನೆಯ ಮೀಸಲು ಅಧಿಕಾರಿಯಾಗಿ ಪೂರ್ವ ಆಫ್ರಿಕದ ರಣರಂಗಕ್ಕೆ ತೆರಳಿ, ಆರೋಗ್ಯ ಕೆಟ್ಟು ಮರಳಿದರು. 1917ರಲ್ಲಿ ಶಿಕ್ಷಣ ಸೇವೆಯನ್ನೂ ಬಿಟ್ಟು ಸ್ವದೇಶಕ್ಕೆ ಹಿಂದಿರುಗಿದರು.

ಆ ಬಳಿಕ ಲೇಖನಿಯೇ ಅವರ ಜೀವನಾಧಾರವಾಯಿತು. ಭಾರತದಲ್ಲಿದ್ದಾಗಲೇ ಕಥೆ ಕಾದಂಬರಿಗಳನ್ನು ಬರೆಯತೊಡಗಿದ್ದ ಅವರು 1924ರಲ್ಲಿ ಪ್ರಕಟಿಸಿದ ‘ಬೋ ಜೆಸ್ಟ್’ ಎಂಬ ಸಾಹಸ ಕಾದಂಬರಿ ಜಗತ್ಪ್ರಸಿದ್ಧವಾಯಿತು. ಮನೆತನದ ಮಾನವನ್ನುಳಿಸಲು ಕಳಂಕವನ್ನು ತಮ್ಮ ಮೇಲೆಳೆದುಕೊಂಡು, ಫ್ರೆಂಚರ ವಿದೇಶೀ ದಳವನ್ನು ಸೇರಿ, ಸಹಾರಾ ಮರುಭೂಮಿಯಲ್ಲಿ ಹೋರಾಡಿದ ಮೂವರು ಸೋದರರ ಕಥೆಯದು. 1926ರಲ್ಲಿ ಮೂಕಿ ಚಿತ್ರವಾಗಿ, 1939ರಲ್ಲಿ ಮಾತಿನ ಚಿತ್ರವಾಗಿ ಅದು ಬೆಳ್ಳಿತೆರೆಗೂ ಬಂದಿತು. ಇಂಗ್ಲೆಂಡಿನ ಓದುಗರಿಗೆ ಅವರು ಮರಳುಗಾಡಿನ ಕಥೆಗಾರರು. ನಮ್ಮವರಿಗಾದರೋ ಕರ್ತರಿ ಕರ್ಮಣಿ ಪ್ರಯೋಗಗಳನ್ನು ಕಲಿಸಿದ ಗುರುಗಳು.

ಆ ವ್ಯಾಕರಣ ಗ್ರಂಥವು ಪ್ರಕಟವಾದುದು 1935–36ರ ಸುಮಾರಿನಲ್ಲಿ. ಅವರೊಡನೆ ಕೈಜೋಡಿಸಿದ ಎಚ್. ಮಾರ್ಟಿನ್ ಅವರೂ ಆಕ್ಸ್‌ಫರ್ಡಿನ ಪದವೀಧರರೇ. ವಾಕ್ಯ, ಕರ್ತೃ, ಆಖ್ಯಾತಗಳಿಂದ ಆರಂಭಿಸಿ, ನಾಮಪದ, ಕ್ರಿಯಾಪದ, ಕಾಲಗಳು, ವಾಕ್ಯಗಳ ವಿಂಗಡಣೆ ಹಾಗೂ ಪರಿವರ್ತನೆ, ಕೊನೆಗೆ ಪತ್ರಲೇಖನ, ಸಂಕ್ಷೇಪಣ, ಪ್ರಬಂಧಗಳವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಅದರ ಕ್ರಮ ಅಚ್ಚುಕಟ್ಟಾದುದು. ಪಾಠದ ಹಿಂದೆಯೇ ಅಭ್ಯಾಸಗಳಿರುವುದು ಅದರ ದೊಡ್ಡ ಗುಣ. ಆದರೆ ಒಂದು ಸಂಗತಿಯನ್ನು ಇಲ್ಲಿ ಅವಶ್ಯವಾಗಿ ಗಮನಿಸಬೇಕು. ಆ ಗ್ರಂಥವು ಮೂಲತಃ ಭಾರತದಲ್ಲಿದ್ದ ಬ್ರಿಟಿಷ್ ಅಧಿಕಾರಿಗಳ ಮಕ್ಕಳಿಗಾಗಿ ರಚಿತವಾದುದು. ಆ ಮಕ್ಕಳಿಗೆ ಇಂಗ್ಲಿಷು ತೊಟ್ಟಿಲಲ್ಲೇ ಬಂದ ನುಡಿ. ಆಡಲು ಬಲ್ಲ ಭಾಷೆಯನ್ನು ತಿದ್ದಿ ತೀಡಿ ಬರೆಯುವ ವಿಧಾನವಷ್ಟೇ ಅವರಿಗೆ ಬೇಕಾಗಿತ್ತು. 1911ರ ಪುಸ್ತಕವು ಭಾಷೆಯನ್ನು ನೀಡಲು ಹುಟ್ಟಿತು. ಎರಡು ದಶಕಗಳಿಗೂ ಹೆಚ್ಚು ಕಾಲ ಕಳೆದು ಬಂದ ಗ್ರಂಥವು ಇರುವ ಭಾಷೆಯನ್ನು ಹದಗೊಳಿಸಲು ಹುಟ್ಟಿತು.

ರೆನ್ ಅವರು 1941ನೆಯ ಇಸವಿ ನವೆಂಬರ್ 22ರಂದು ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಪ್ರಾಂತದ ಆಂಬರ್ಲಿಯಲ್ಲಿ ಕಾಲವಾದರು. ಬ್ರಿಟಿಷರು ಹೋದರೂ ಅವರ ಮಕ್ಕಳಿಗಾಗಿ ಬರೆದ ಪುಸ್ತಕ ಇಲ್ಲಿಯೇ ಉಳಿಯಿತು. ಎನ್. ಡಿ. ವಿ. ಪ್ರಸಾದರಾವ್ ಅವರ ಪರಿಷ್ಕರಣದೊಡನೆ ಹೊಸ ಹೊಸ ಮುದ್ರಣಗಳನ್ನು ಕಂಡಿತು. ಕಾಲಾನುಕ್ರಮದಲ್ಲಿ ಪ್ರತ್ಯಕ್ಷ ಪದ್ಧತಿಯ ಪುಸ್ತಕವನ್ನು ಲೋಕ ಮರೆಯಿತು. ನಿಯಮಗಳ ಗ್ರಂಥವನ್ನು ಮಾತ್ರ ನೆನಪಿಟ್ಟಿತು.

ಈ ಮರೆವಿನ ಬೆಲೆಯನ್ನು ತೆತ್ತವರಲ್ಲಿ ನಮ್ಮ ಭಾಗದ ಮಕ್ಕಳೂ ಸೇರಿದ್ದಾರೆ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಇಲ್ಲಿಯ ಹೈಸ್ಕೂಲು ವಿದ್ಯಾರ್ಥಿಗಳು ಉರ್ದು ಮಾಧ್ಯಮದ ಮೂಲಕ ಇಂಗ್ಲಿಷನ್ನು ಕಲಿಯಬೇಕಾಗಿತ್ತು. ಮನೆಯ ನುಡಿ ಕನ್ನಡ, ಶಾಲೆಯ ನುಡಿ ಉರ್ದು, ಕಲಿಯಬೇಕಾದ ನುಡಿ ಇಂಗ್ಲಿಷ್. 1956ರಲ್ಲಿ ರಾಯಚೂರು ಜಿಲ್ಲೆಯ ಭಾಗವಾಗಿ ಮೈಸೂರು ರಾಜ್ಯವನ್ನು ಸೇರಿದ ತರುವಾಯ ಕನ್ನಡ ಮಾಧ್ಯಮ ಬೇರೂರಿತು. ಬಹುಕಾಲ ಐದನೆಯ ಇಯತ್ತೆಯಲ್ಲಿ ಆರಂಭವಾಗುತ್ತಿದ್ದ ಇಂಗ್ಲಿಷು 2007ರಿಂದೀಚೆಗೆ ಒಂದನೆಯ ತರಗತಿಗೇ ಬಂದಿದೆ. ಆದರೂ ಹಳ್ಳಿಯಿಂದ ಬಂದು ಮಠದ ಪ್ರಸಾದ ನಿಲಯದಲ್ಲಿದ್ದುಕೊಂಡು ಓದುವ ಮಗುವಿಗೆ ತರಗತಿಯ ಹೊರಗೆ ಇಂಗ್ಲಿಷು ಕಿವಿಗೆ ಬೀಳುವುದು ಅಪರೂಪ. ಅಂಥ ಮಗುವಿನ ಮುಂದೆ ನಿಯಮವನ್ನು ಮೊದಲಿಡುವುದೆಂದರೆ, ಬೀಜ ಬಿತ್ತದ ಹೊಲಕ್ಕೆ ಎಡೆ ಹೊಡೆಯಹೋದಂತೆ.

ಹಾಗೆಂದು ವ್ಯಾಕರಣವೇ ಬೇಡವೆಂದಲ್ಲ. ಕನ್ನಡದ ಕ್ರಿಯಾಪದವು ತನ್ನ ಬಾಲದಲ್ಲಿಯೇ ಕರ್ತೃವಿನ ಗುರುತನ್ನು ಹೊತ್ತಿರುತ್ತದೆ. ಹೋಗುತ್ತೇನೆ ಎಂದೊಡನೆ ನಾನು ಎಂಬುದು ತಾನಾಗಿ ತಿಳಿಯುತ್ತದೆ. ಹೋಗುತ್ತಾಳೆ ಎಂದೊಡನೆ ಅವಳು ಎಂಬುದು ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಈ ಗುರುತು ಬಹುಮಟ್ಟಿಗೆ ಸವೆದುಹೋಗಿ, ವರ್ತಮಾನ ಕಾಲದ ‘ಗೋಸ್’ ಎಂಬಲ್ಲಿ ಕೊನೆಯ ಒಂದು ಸಕಾರವಾಗಿ ಮಾತ್ರ ಉಳಿದಿದೆ. ಆದುದರಿಂದ ಅಲ್ಲಿ ಕರ್ತೃವನ್ನು ಬಿಡುವಂತಿಲ್ಲ. ನಾನು ರಾಮನನ್ನು ನೋಡಿದೆನು ಎಂಬುದನ್ನು ನಾನು ನೋಡಿದೆನು ರಾಮನನ್ನು ಎಂಬ ಕ್ರಮಕ್ಕೆ ತಿರುಗಿಸಬೇಕಾದುದೂ ಇಂಥದೇ ಕಾರಣದಿಂದ. ದ್ವಿತೀಯಾ ವಿಭಕ್ತಿ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಪದದ ಸ್ಥಾನವೇ ಮಾಡುತ್ತದೆ. ಮರದ ಮೇಲೆ ಎನ್ನುವಾಗ ಹಿಂದೆ ಬರುವ ಮೇಲೆ ಎಂಬುದು ಅಲ್ಲಿ ಮುಂದಕ್ಕೆ ಜಿಗಿಯುತ್ತದೆ. ಕನ್ನಡ ವ್ಯಾಕರಣವನ್ನು ಚೆನ್ನಾಗಿ ಬಲ್ಲ ಮಗುವಿಗೆ ಈ ವ್ಯತ್ಯಾಸಗಳನ್ನು ಒಮ್ಮೆ ತೋರಿಸಿದರೆ ಸಾಕು, ಕಾರಣ ಹೊಳೆಯುತ್ತದೆ. ತಾಯ್ನುಡಿಯನ್ನು ತರಗತಿಯಿಂದ ದೂರವಿಡಬಯಸಿದ ಪ್ರತ್ಯಕ್ಷ ಪದ್ಧತಿಗೂ ಈ ಸಹಾಯ ದೊರೆಯಲಿಲ್ಲ. ಆ ಪದ್ಧತಿಯ ಕೊರತೆಯೆಂದರೆ ಇದೇ.

ಆದುದರಿಂದ ರೆನ್ ಅವರ ಎರಡು ಕೃತಿಗಳನ್ನೂ ಅವು ಹುಟ್ಟಿದ ಕ್ರಮದಲ್ಲಿಯೇ ಸ್ವೀಕರಿಸುವುದು ವಿವೇಕ. ಮೊದಲು ಕಿವಿ, ಆಮೇಲೆ ನಾಲಗೆ, ಆಮೇಲೆ ಕಣ್ಣು ಮತ್ತು ಕೈ, ಕಟ್ಟಕಡೆಗೆ ನಿಯಮ. ದಿನಕ್ಕೆ ಹತ್ತು ನಿಮಿಷ ಮಕ್ಕಳಿಂದ ಇಂಗ್ಲಿಷನ್ನಾಡಿಸುವ ಉಪಾಧ್ಯಾಯ, ಸರಳ ಕಥೆಪುಸ್ತಕಗಳನ್ನು ಕೊಂಡು ಶಾಲೆಯ ಗ್ರಂಥಾಲಯಕ್ಕೆ ಕಾಣಿಕೆಯಿತ್ತ ದಾನಿ, ರಜೆಯಲ್ಲಿ ತನ್ನ ಹಳೆಯ ಶಾಲೆಗೆ ಬಂದು ಮಕ್ಕಳೊಡನೆ ಆ ಭಾಷೆಯಲ್ಲಿ ಮಾತನಾಡುವ ಹಳೆಯ ವಿದ್ಯಾರ್ಥಿ, ಈ ಮೂವರೂ ಕೂಡಿದರೆ ಆ ದಪ್ಪ ಗ್ರಂಥದ ಒಂದೊಂದು ಪುಟಕ್ಕೂ ಜೀವ ಬರುತ್ತದೆ.

ಕಡಿಮೆ ದರ್ಜೆಯಲ್ಲಿ ತೇರ್ಗಡೆಯಾಗಿ, ಪರನಾಡಿನಲ್ಲಿ ಪಾಠ ಹೇಳಿ, ತನ್ನವರನ್ನು ಕಳೆದುಕೊಂಡು, ಯುದ್ಧವನ್ನು ಕಂಡು, ಕಥೆಗಾರನೆಂದು ಕೀರ್ತಿ ಪಡೆದ ಒಬ್ಬ ಉಪಾಧ್ಯಾಯನ ಹೆಸರು ಇಂದಿಗೂ ನಮ್ಮ ಮಕ್ಕಳ ಬಾಯಲ್ಲಿದೆ. ಆತನ ಪುಸ್ತಕವನ್ನು ಕಂಠಪಾಠ ಮಾಡಿಸಿದರೆ ಆ ಹೆಸರಷ್ಟೇ ಉಳಿಯುತ್ತದೆ. ಆತನು ಉಪಾಧ್ಯಾಯನಾಗಿ ಬಯಸಿದಂತೆ ಮಕ್ಕಳಿಂದ ಮೊದಲು ಮಾತನಾಡಿಸಿದರೆ ಆತನ ವಿದ್ಯೆಯೂ ಉಳಿಯುತ್ತದೆ.